ಅವಳ ಮೂಗು ಕೊಯ್ಯಬೇಡಿ
ಬೆಂಗಳೂರಿನಲ್ಲಿದ್ದು ಕತೆ ಬರೆಯುವ ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ತಂಗಿಯರೇ,

ನೀವು ಹೊನ್ನಾವರ, ಕುಮಟಾ, ಭಟ್ಕಳದ ಕಡೆಯಿಂದ ಹೋಗಿ ಬೆಂಗಳೂರು ಸೇರಿದವರು. ಹಗಲು ಆಫೀಸು, ರಾತ್ರಿ ಕತೆ. ನಿಮ್ಮಲ್ಲಿ ಕೆಲವರು ಬರೆದದ್ದನ್ನು ವಾರಪತ್ರಿಕೆಗಳಲ್ಲಿ, ದೀಪಾವಳಿ ವಿಶೇಷಾಂಕಗಳಲ್ಲಿ ಓದುತ್ತಿರುತ್ತೇನೆ. ಹೆಸರಿನ ಜೊತೆ ನಮ್ಮ ಸೀಮೆಯ ಊರೊಂದು ಕಂಡರೆ ಸಾಕು, ಇಡಗುಂಜಿಯಲ್ಲಿ ಕೂತ ನಮಗೆ ಹಿಗ್ಗು. ಯಾರ ಮಗಳು, ಯಾರ ಮೊಮ್ಮಗಳು ಎಂದು ಸಂಬಂಧ ಹುಡುಕಲು ಶುರು ಮಾಡುತ್ತೇವೆ. ಕತೆಗಳೂ ಚೆನ್ನಾಗಿರುತ್ತವೆ. ಆದರೆ ಅವುಗಳಲ್ಲಿ ಯಾರೂ ನಗುವುದಿಲ್ಲ. ಬೀಗ ಹಾಕಿದ ಮನೆ, ಒಂಟಿಯಾದ ಅಪ್ಪ, ಮಾರಿಹೋದ ತೋಟ, ಕಿಟಕಿಯಾಚೆ ಮಳೆ. ಓದಿ ಮುಗಿಸಿ ಒಂದು ನಿಟ್ಟುಸಿರು ಬಿಟ್ಟು, ಒಲೆಯ ಮೇಲಿನ ಹಾಲು ನೋಡಲು ಏಳಬೇಕು, ಅಷ್ಟೆ.

ಅದಕ್ಕೇ ಈ ಪತ್ರ. ಬೇಡಿಕೆ ಒಂದೇ: ನಮಗೊಂದು ಹಗುರ ಕಾದಂಬರಿ ಬರೆದುಕೊಡಿ. ಪ್ರಶಸ್ತಿಗೆ ಕಳಿಸುವಂಥದ್ದು ಬೇಡ. ಸಂಜೆ ಬೆಂಗಳೂರಿನಲ್ಲಿ ಪಂಚಗಂಗಾ ರೈಲು ಹತ್ತಿದವಳು ಬೆಳಗ್ಗೆ ಹೊನ್ನಾವರದಲ್ಲಿ ಇಳಿಯುವಷ್ಟರಲ್ಲಿ ಓದಿ ಮುಗಿಸಿ, ಕುಮಟೆಗೆ ಹೋಗುವ ಎದುರಿನ ಬರ್ತಿನವಳ ಕೈಗೆ ದಾಟಿಸಿ ಇಳಿಯುವಂಥದ್ದು. ನಾಯಕಿ ನಿಮ್ಮಂಥವಳೇ ಇರಲಿ. ಮೂವತ್ತು ದಾಟಿದೆ, ಸಂಬಳ ಚೆನ್ನಾಗಿದೆ, ಸಾಲವೂ ಚೆನ್ನಾಗಿಯೇ ಇದೆ. ಅವಳಿಗೆ ಪ್ರೀತಿ ಬೇಕು, ಹೆಸರು ಬೇಕು, ಮೂರನೇ ಮಹಡಿಯಲ್ಲಿ ಸ್ವಂತದ್ದೊಂದು ಬಾಲ್ಕನಿ ಬೇಕು. ಇವುಗಳ ಹಿಂದೆ ಓಡುವಾಗ ಎಡವುತ್ತಾಳೆ, ಸುಳ್ಳು ಹೇಳುತ್ತಾಳೆ, ಹೊಟ್ಟೆಕಿಚ್ಚು ಪಡುತ್ತಾಳೆ. ಹಾಗೇ ಬರೆಯಿರಿ. ಷರತ್ತು ಇಷ್ಟೇ: ಕತೆಯ ಕೊನೆಗೆ ಅವಳ ಮೂಗು ಕೊಯ್ಯಬೇಡಿ.

ಮೂಗಿನ ಮಾತು ಯಾಕೆ ಬಂತೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇದು ಯಕ್ಷಗಾನದ ಸೀಮೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಮೇಳಕ್ಕೆ ನಮ್ಮ ಗಣಪತಿಯದೇ ಹೆಸರು, ಶ್ರೀ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ. 'ಪಂಚವಟಿ' ನೋಡದೆ ಬೆಳೆದವರು ಇಲ್ಲಿ ಕಡಿಮೆ. ಮಾಯಾಶೂರ್ಪನಖಿ ರಂಗಕ್ಕೆ ಬಂದಳೆಂದರೆ ತೂಕಡಿಸುತ್ತಿದ್ದವರೂ ನೆಟ್ಟಗೆ ಕೂರುತ್ತಾರೆ. ಸ್ತ್ರೀವೇಷದ ಕಲಾವಿದನಿಗೆ ಕುಣಿಯಲು, ಕಣ್ಣು ಹೊರಳಿಸಲು, ಮಾತಿನಲ್ಲಿ ಆಟವಾಡಲು ಸಿಗುವಷ್ಟು ಜಾಗ ಪಾಪದ ಸೀತೆಗೆ ಎಲ್ಲಿ ಸಿಗಬೇಕು! ಶೂರ್ಪನಖಿಯ ಸಂಗತಿಯಾದರೂ ಏನು? ಗಂಡನನ್ನು ಸ್ವಂತ ಅಣ್ಣನೇ ಕೊಂದಿದ್ದಾನೆ. ಕಾಡಿನಲ್ಲಿ ಒಬ್ಬ ಚೆಲುವನನ್ನು ಕಂಡಳು, ಮದುವೆಯಾಗು ಎಂದು ಬಾಯಿಬಿಟ್ಟು ಕೇಳಿದಳು. ಆ ಚೆಲುವ ತನ್ನ ತಮ್ಮನ ಹತ್ತಿರ ಕಳಿಸಿದ, ತಮ್ಮ ಅಣ್ಣನ ಹತ್ತಿರ ಕಳಿಸಿದ. ತಮಾಷೆ ಮುಗಿದ ಮೇಲೆ ಮೂಗು ಹೋಯಿತು. ಸೀತೆಯ ಮೇಲೆ ಎರಗಿದ್ದು ತಪ್ಪು, ಒಪ್ಪೋಣ. ಆದರೆ ಆಟ ನೋಡಿ ಮನೆಗೆ ಹೋಗುವ ಹೆಣ್ಣುಮಕ್ಕಳ ಮನಸ್ಸಿನಲ್ಲಿ ಕೂರುವ ಪಾಠ ಬೇರೆ: ತನಗೆ ಬೇಕಾದದ್ದನ್ನು ಹೆಣ್ಣು ತಾನಾಗಿ ಕೇಳಿದರೆ ಗತಿ ಇದು. ಹರಿಶ್ಚಂದ್ರನ ಹೆಂಡತಿ ಚಂದ್ರಮತಿಗೂ ಬಾರದ ಕಷ್ಟವಿಲ್ಲ. ಆದರೂ ಅವಳ ಕತೆ ಮಂಗಳದಲ್ಲಿ ಮುಗಿಯುತ್ತದೆ. ಅವಳು ಕೇಳಲಿಲ್ಲ, ಸಹಿಸಿದಳು.

ಪುರಾಣದ ಮಾತು ಪುರಾಣಕ್ಕಿರಲಿ ಎನ್ನುತ್ತೀರಾ? ಹಾಗಾದರೆ ಒಂದು ದಿನ ದೇವಸ್ಥಾನದ ಹತ್ತಿರ ಬಂದು ನಿಲ್ಲಿ. ಇಡಗುಂಜಿಗೆ ಮದುವೆಯ ಮಾತು ಹೊತ್ತು ಬರುವವರು ಬಹಳ. ಹೆಣ್ಣು-ಗಂಡಿನ ಕಡೆಯವರು ಕೂಡಿ ಬಂದು ಪ್ರಸಾದ ಕೇಳುವ ರೂಢಿ ಹಳೆಯದು. ಗಣಪತಿಯ ಎರಡೂ ಪಾದಗಳ ಮೇಲೆ ಚೀಟಿ ಇಡುತ್ತಾರೆ. ಬಲಪಾದದ ಚೀಟಿ ಮೊದಲು ಬಿದ್ದರೆ ಸಂಬಂಧ ಆಗಬಹುದು, ಎಡಪಾದದ್ದು ಬಿದ್ದರೆ ಬೇಡ. ದೇವರು ಯಾರ ಸಂಬಳವನ್ನೂ ಕೇಳುವುದಿಲ್ಲ. ಪಂಚಕಜ್ಜಾಯದ ಪೊಟ್ಟಣ ಹಿಡಿದು ಹೊರಗೆ ನಿಂತ ನಾವು ಕೇಳುತ್ತೇವೆ.

'ಮಾಣಿಗೆ ಎಷ್ಟಾತು?'

'ಮೂವತ್ತಾರು.'

'ಎಲ್ಲಿದ್ದ?'

'ಮನೆಲೇ ಇದ್ದ. ತೋಟ, ಒಬ್ನೇ ಮಗ.'

'ಹಂಗಾರೆ ಕಷ್ಟ. ಈಗಿನ ಕೂಸಿಗೆ ಬೆಂಗ್ಳೂರು ಮಾಣಿನೇ ಬೇಕಡ.'

ದೂರು ಸುಳ್ಳಲ್ಲ. ಹವ್ಯಕರ ತೋಟದ ಮನೆಗಳಲ್ಲಿ ಮದುವೆಯಾಗದೆ ಉಳಿದ ಗಂಡುಮಕ್ಕಳಿದ್ದಾರೆ. ಹೆಣ್ಣು ಹುಡುಕುತ್ತ ಉತ್ತರ ಭಾರತದವರೆಗೆ ಹೋಗಿಬಂದ ಮನೆಗಳಿವೆ, ಹಾಗೆ ಬಂದ ಸೊಸೆಯಂದಿರು ತಂಬುಳಿ ಮಾಡಲು ಕಲಿತದ್ದೂ ಇದೆ. ಆ ನೋವಿನ ಬಗ್ಗೆ ನನ್ನದೇನೂ ಕುಹಕವಿಲ್ಲ. ಆದರೆ ಕೂಸಿಗೆ ಈ ಬೆಂಗಳೂರಿನ ಆಸೆ ಹುಟ್ಟಿಸಿದವರು ಯಾರು? ಸೈನ್ಸ್ ತೆಗೆದುಕೋ ಎಂದವರು ಅಪ್ಪಯ್ಯ. ಹೊನ್ನಾವರದ ಎಸ್.ಡಿ.ಎಂ., ಕುಮಟೆಯ ಬಾಳಿಗಾ ಕಾಲೇಜುಗಳು ಕೈಗೆಟಕುವಷ್ಟು ಹತ್ತಿರವಿದ್ದರೂ ಸಿಇಟಿ ಕೋಚಿಂಗಿಗೆಂದು ದೂರ ಕಳಿಸಿದವರು ಅಪ್ಪಯ್ಯ. 'ನನ್ನ ಹಾಂಗೆ ಕೊಟ್ಟಿಗೆ ಚಾಕರಿ ನಿಂಗೆ ಬೇಡ' ಎಂದವಳು ಆಯಿ. ಚಾಲಿ ಅಡಿಕೆಗೆ ಒಳ್ಳೆಯ ದರ ಬಂದ ವರ್ಷ ಆ ಹಣ ಇಂಜಿನಿಯರಿಂಗ್ ಫೀಸಿಗೆ ಹೋಯಿತು. ಹೇಳಿದ್ದನ್ನೆಲ್ಲ ಕೂಸು ಚಾಚೂ ತಪ್ಪದೆ ಮಾಡಿದಳು. ಈಗ ಅವಳಿಗೆ ಸೊಕ್ಕು ಎನ್ನುತ್ತೇವೆ. ಮಗಳನ್ನು ತೋಟದಿಂದ ಆಚೆ ದಾಟಿಸಲು ಜೀವ ತೇದ ಮನೆಯವರೇ ಮಗನ ತೋಟಕ್ಕೆ ಇನ್ಯಾರದೋ ಮಗಳು ಬರಲೆಂದು ಹರಕೆ ಹೊರುತ್ತಾರೆ. ಇದಕ್ಕಿಂತ ಒಳ್ಳೆಯ ಹಾಸ್ಯ ಕಾದಂಬರಿ ಎಲ್ಲಿ ಸಿಕ್ಕೀತು? ಎಲ್ಲರ ಬಾಯಲ್ಲೂ ಆ ಕೂಸಿನ ಕತೆಯಿದೆ. ಅವಳೇ ಹೇಳಿದ ಕತೆ ಮಾತ್ರ ಇಲ್ಲ.

ಗಂಡಸರಿಗೆ ಈ ಕೊರತೆಯಾಗಲಿಲ್ಲ. ಯಶವಂತ ಚಿತ್ತಾಲರು ಕುಮಟಾ ತಾಲ್ಲೂಕಿನ ಹನೇಹಳ್ಳಿಯವರು, ಮುಂಬಯಿಯಲ್ಲಿ ಬಾಳಿದವರು. ಅವರ 'ಶಿಕಾರಿ' 1979ರಲ್ಲಿ ಬಂತು. ಕಂಪನಿಯ ಒಳಸಂಚಿನಲ್ಲಿ ಸಿಕ್ಕಿ ಒದ್ದಾಡುವ ನಾಗಪ್ಪನ ಹೆದರಿಕೆ, ಸಂಶಯ, ಸಣ್ಣತನ, ಹಟ ಒಂದನ್ನೂ ಚಿತ್ತಾಲರು ಮುಚ್ಚಿಡಲಿಲ್ಲ. ಓದಿದವರು ಅವನಿಗೆ ಸೊಕ್ಕು ಎನ್ನಲಿಲ್ಲ, ಆಧುನಿಕ ಮನುಷ್ಯ ಎಂದರು. ಗೋಕರ್ಣದ ಜಯಂತ ಕಾಯ್ಕಿಣಿಯವರು ಮುಂಬಯಿಯ ಚಾಳು, ಲೋಕಲ್ ರೈಲುಗಳ ಜನರನ್ನು ನಮ್ಮ ನೆಂಟರನ್ನಾಗಿ ಮಾಡಿದರು; ಇಂಗ್ಲಿಷಿಗೆ ಹೋದ 'ನೋ ಪ್ರೆಸೆಂಟ್ಸ್ ಪ್ಲೀಸ್' ದಕ್ಷಿಣ ಏಷ್ಯಾ ಸಾಹಿತ್ಯದ ಡಿ.ಎಸ್.ಸಿ. ಪ್ರಶಸ್ತಿ ಪಡೆಯಿತು. ನಮ್ಮ ಜಿಲ್ಲೆಯವರೇ ಆದ ವಿವೇಕ ಶಾನಭಾಗರ 'ಘಾಚರ್ ಘೋಚರ್'ನಲ್ಲಿ ಮಸಾಲೆ ವ್ಯಾಪಾರದಿಂದ ಹಣ ಕಂಡ ಬೆಂಗಳೂರಿನ ಕುಟುಂಬವಿದೆ. ಆ ಹಣವನ್ನು ಪ್ರಶ್ನಿಸುವ ಸೊಸೆ ಅನಿತಾಳೂ ಇದ್ದಾಳೆ, ಆದರೆ ಕತೆ ಹೇಳುವವನು ಗಂಡ. ಈ ಮೂವರ ಬಗ್ಗೆ ನನಗಿರುವುದು ಹೆಮ್ಮೆಯೇ. ನನ್ನ ಲೆಕ್ಕ ಬೇರೆ: ಹನೇಹಳ್ಳಿಯಿಂದ ಮುಂಬಯಿಗೆ ಹೋದ ಗಂಡಿಗೆ ಒಂದು 'ಶಿಕಾರಿ' ಸಿಕ್ಕಿತು. ಮಂಕಿಯಿಂದ ಮಾರತಹಳ್ಳಿಗೆ ಹೋದ ಹೆಣ್ಣಿಗೆ ಏನು ಸಿಕ್ಕಿದೆ?

ನಮಗೂ ಕಾದಂಬರಿಗಳಿದ್ದವು, ಇಲ್ಲವೆನ್ನಲಾರೆ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೇ ಹೆಣ್ಣೊಬ್ಬಳ ಹೆಸರಿನದು: 1899ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ'. ಎಳವೆಯಲ್ಲೇ ಗಂಡನನ್ನು ಕಳೆದುಕೊಂಡವಳು ಓದಿ, ಮರುಮದುವೆಯಾಗುತ್ತಾಳೆ. 1913ರಲ್ಲಿ ನಂಜನಗೂಡಿನ ತಿರುಮಲಾಂಬಾ, ಸ್ವತಃ ಬಾಲವಿಧವೆ, 'ಸತೀಹಿತೈಷಿಣಿ' ಗ್ರಂಥಮಾಲೆ ಶುರು ಮಾಡಿ ತಾವೇ ಬರೆದು ತಾವೇ ಪ್ರಕಟಿಸಿದರು. ಆಮೇಲೆ ಬಂದದ್ದು ವಾರಪತ್ರಿಕೆಯ ಕಾಲ. 1965ರಲ್ಲಿ 'ಸುಧಾ', 1983ರಲ್ಲಿ ಮಣಿಪಾಲದಿಂದ 'ತರಂಗ'. ಧಾರಾವಾಹಿಯ ಪುಟಗಳನ್ನು ವಾರವಾರವೂ ಕಿತ್ತಿಟ್ಟು, ಕಂತು ಮುಗಿದ ಮೇಲೆ ದಬ್ಬಣದಲ್ಲಿ ತೂತು ಮಾಡಿ ಗೋಣಿದಾರದಿಂದ ಹೊಲಿದು, ಮೇಲೊಂದು ಕ್ಯಾಲೆಂಡರಿನ ದಪ್ಪ ಹಾಳೆ ಅಂಟಿಸಿದ ಪುಸ್ತಕಗಳು ನಮ್ಮ ಕಡೆ ಮನೆಯಿಂದ ಮನೆಗೆ ನಡೆಯುತ್ತಿದ್ದವು. ನಡುವಿನ ಒಂದು ಕಂತು ಕಾಣೆಯಾಗಿರುತ್ತಿತ್ತು. ಆ ವಾರ ಏನಾಯಿತೆಂದು ಪಕ್ಕದ ಮನೆಯ ಅತ್ತಿಗೆ ಬಾಯಲ್ಲೇ ತುಂಬಿಕೊಡುತ್ತಿದ್ದಳು. ಎಷ್ಟೋ ಸಲ ಕಾದಂಬರಿಗಾರ್ತಿ ಬರೆದದ್ದಕ್ಕಿಂತ ಅವಳು ಹೇಳಿದ್ದೇ ರುಚಿ.

ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿ, ಉಷಾ ನವರತ್ನರಾಂ, ಎಚ್.ಜಿ. ರಾಧಾದೇವಿ, ನೂರಕ್ಕೂ ಹೆಚ್ಚು ಕಾದಂಬರಿ ಬರೆದ ಸಾಯಿಸುತೆ. ಪಂಡಿತರು ಇವರ ಬರಹವನ್ನು ಅಡುಗೆಮನೆ ಸಾಹಿತ್ಯ ಎಂದು ಬದಿಗೆ ಸರಿಸಿದರು. ಸಿನಿಮಾದವರು ಮಾತ್ರ ಇವರ ಬಾಗಿಲಲ್ಲೇ ಸಾಲುಗಟ್ಟಿದರು: ಬೆಳ್ಳಿಮೋಡ, ಶರಪಂಜರ, ಗೆಜ್ಜೆಪೂಜೆ, ಎರಡು ಕನಸು, ಬಂಧನ, ಸುವರ್ಣ ಸೇತುವೆ. ನಾಡಿನ ಹೆಣ್ಣುಮಕ್ಕಳಿಗೆ ಓದುವ ಚಟ ಹತ್ತಿಸಿದ ಈ ಬರಹಗಾರ್ತಿಯರ ಋಣ ನಮ್ಮ ತಲೆಮಾರಿನ ಮೇಲಿದೆ.

ಆದರೂ ಒಂದು ವಿಷಯ ಗಮನಿಸಿ. 'ಬೆಳ್ಳಿಮೋಡ'ದ ಇಂದಿರಾ ಎಸ್ಟೇಟಿನ ಒಬ್ಬಳೇ ಮಗಳು. ತಮ್ಮ ಹುಟ್ಟಿದ ಕೂಡಲೇ ಆಸ್ತಿ ಅವಳ ಕೈತಪ್ಪುತ್ತದೆ. ಆಸ್ತಿಯ ಮೇಲೆ ಕಣ್ಣಿಟ್ಟಿದ್ದ ಮೋಹನ ಜಾರಿಕೊಳ್ಳುತ್ತಾನೆ. ಅವನು ಪಶ್ಚಾತ್ತಾಪಪಟ್ಟು ಬಂದಾಗ ಅವಳು ಬೇಡವೆನ್ನುತ್ತಾಳೆ. ಆ ಬೇಡ ಎಂಬ ಮಾತಿಗೆ ನಾವೆಲ್ಲ ಎದೆಯುಬ್ಬಿಸಿದ್ದೆವು. ಆದರೆ ದುರಾಸೆ ಇದ್ದದ್ದು ಗಂಡಿಗೆ. ಹೆಣ್ಣಿನ ಪಾಲಿಗೆ ಬಂದದ್ದು ಸ್ವಾಭಿಮಾನ. 'ಎರಡು ಕನಸು' ಕಾದಂಬರಿಯಲ್ಲಿ ಗಂಡ ಹಳೆಯ ಪ್ರೇಮವನ್ನು ಎದೆಗವಚಿಕೊಂಡು ಕೂತರೆ ಹೆಂಡತಿ ಕಾಯುತ್ತಾಳೆ, ಕಾದು ಗೆಲ್ಲುತ್ತಾಳೆ. 'ಶರಪಂಜರ'ದ ಕಾವೇರಿಯನ್ನು ತ್ರಿವೇಣಿ ಎಂಥ ಕರುಣೆಯಿಂದ ಬರೆದರು! ಆದರೆ ಮನೆ, ನೆಂಟರು, ನೆರೆಹೊರೆ ಸೇರಿ ಅವಳಿಗೆ ವಿಧಿಸಿದ ಶಿಕ್ಷೆ ಎಂಥದ್ದೆಂಬುದನ್ನೂ ಅಷ್ಟೇ ನಿಷ್ಠುರವಾಗಿ ತೋರಿಸಿದರು. ಇವು ಮೇಲ್ಮಟ್ಟದವು. ಇವುಗಳ ನೆರಳಿನಲ್ಲಿ ಬಂದ ನೂರಾರು ಧಾರಾವಾಹಿಗಳಲ್ಲಿ ನಿಯಮ ಇನ್ನೂ ಬಿಗಿ. ನಾಯಕಿ ಬಡವಳು, ಅಭಿಮಾನಿ, ಎರಡು ಹತ್ತಿ ಸೀರೆಯವಳು. ಹಣದ ಮೇಲೆ ಅವಳಿಗೆ ಕಿಂಚಿತ್ತೂ ಆಸೆಯಿಲ್ಲ. ಆದರೆ ಕೊನೆಯ ಕಂತಿಗೆ ನಾಯಕ ಬರುವುದು ಕಾರಿನಲ್ಲಿ, ಅವನ ಹಿಂದೆ ಬಂಗಲೆ, ಎಸ್ಟೇಟು, ಫ್ಯಾಕ್ಟರಿ. ಬೇಕೆಂದು ಕೇಳದಿದ್ದುದಕ್ಕೆ ಬಹುಮಾನವಾಗಿ ಎಲ್ಲವೂ ಸಿಕ್ಕಿತು. ಬೇಕು ಎಂದು ಕೇಳಿದವಳೂ ಅದೇ ಕಾದಂಬರಿಯಲ್ಲಿ ಇರುತ್ತಿದ್ದಳು, ಬಾಬ್ ಕಟ್ಟು, ತೋಳಿಲ್ಲದ ರವಿಕೆ. ಅವಳಿಗೆ ಅಪಘಾತವೋ ಅವಮಾನವೋ ಕಾದಿರುತ್ತಿತ್ತು. ಶೂರ್ಪನಖಿಯೇ, ವೇಷ ಮಾತ್ರ ಬೇರೆ. ಇಂದು ಸಂಜೆ ಟಿ.ವಿ. ಹಾಕಿ ನೋಡಿ, ಬಾಬ್ ಕಟ್ಟು ಹೋಗಿ ದಪ್ಪ ಕಾಡಿಗೆ ಬಂದಿದೆ, ಮೂಗು ಕೊಯ್ಯುವ ಕೆಲಸ ನಿಂತಿಲ್ಲ.

ಇಂಗ್ಲಿಷಿನಲ್ಲಿ ಈ ಕಟ್ಟು ಮುರಿದದ್ದೂ ಒಂದು ಧಾರಾವಾಹಿಯಿಂದಲೇ. 1995ರಲ್ಲಿ ಲಂಡನ್ನಿನ 'ಇಂಡಿಪೆಂಡೆಂಟ್' ಪತ್ರಿಕೆಯಲ್ಲಿ ಹೆಲೆನ್ ಫೀಲ್ಡಿಂಗ್ ಬ್ರಿಜೆಟ್ ಜೋನ್ಸ್ ಎಂಬ ಮೂವತ್ತರ ಹೆಣ್ಣಿನ ದಿನಚರಿ ಬರೆಯತೊಡಗಿದರು. ಮರುವರ್ಷ ಅದು ಪುಸ್ತಕವಾಯಿತು. ದಿನಚರಿಯ ತಲೆಯಲ್ಲಿ ಅವತ್ತಿನ ದೇಹತೂಕ, ಸೇದಿದ ಸಿಗರೇಟು, ಕುಡಿದ ಮದ್ಯದ ಲೆಕ್ಕ. ದಿನಕ್ಕೊಂದು ಪ್ರತಿಜ್ಞೆ, ಸಂಜೆಗೆ ಭಂಗ. ಬಾಸಿನ ಜೊತೆ ಎಡವಟ್ಟು, ಅಡುಗೆಯಲ್ಲಿ ಎಡವಟ್ಟು. ಕತೆಯ ಅಸ್ಥಿಪಂಜರವನ್ನು ಅವರು ತಂದದ್ದು 1813ರ ಜೇನ್ ಆಸ್ಟಿನ್ನಳ 'ಪ್ರೈಡ್ ಅಂಡ್ ಪ್ರೆಜುಡಿಸ್'ನಿಂದ. ಆಸ್ಟಿನ್ ವರನ ವರಮಾನವನ್ನು ಪೌಂಡುಗಳಲ್ಲೇ ಬರೆದಿಟ್ಟವಳು. ನಮ್ಮ ಪಂಚಕಜ್ಜಾಯದ ಸಾಲಿನಲ್ಲಿ ನಿಂತಿದ್ದರೆ ಚೆನ್ನಾಗಿ ಹೊಂದಿಕೊಳ್ಳುತ್ತಿದ್ದಳು. ಆಮೇಲೆ ಸೋಫಿ ಕಿನ್ಸೆಲ್ಲಾಳ ಬೆಕಿ ಬಂದಳು. ಅವಳು ಜನರಿಗೆ ಹಣಕಾಸಿನ ಬುದ್ಧಿ ಹೇಳುವ ಪತ್ರಕರ್ತೆ, ತನ್ನ ಕ್ರೆಡಿಟ್ ಕಾರ್ಡಿನ ಬಿಲ್ಲು ಕಂಡರೆ ಮಾತ್ರ ಮುಚ್ಚಿಡುವವಳು. ಇಂಥವಕ್ಕೆ 'ಚಿಕ್ ಲಿಟ್' ಎಂದು ಹೆಸರಿಟ್ಟು ದೊಡ್ಡವರು ಮೂಗು ಮುರಿದರು. 2001ರಲ್ಲಿ ಕಾದಂಬರಿಗಾರ್ತಿ ಬೆರಿಲ್ ಬೇನ್‌ಬ್ರಿಜ್ ಅದನ್ನು ಬರೀ ನೊರೆ ಎಂದುಬಿಟ್ಟರು. ನಮ್ಮ ಅಡುಗೆಮನೆ ಸಾಹಿತ್ಯದ ತಂಗಿ ಅಲ್ಲೂ ಇದ್ದಾಳೆ ಎಂದಾಯಿತು.

ನಮ್ಮ ದೇಶದ ಇಂಗ್ಲಿಷಿನಲ್ಲೂ ಇವು ಬಂದವು. ಅದ್ವೈತಾ ಕಾಲಾ ಅವರ 'ಆಲ್ಮೋಸ್ಟ್ ಸಿಂಗಲ್' 2007ರಲ್ಲಿ, ಅನುಜಾ ಚೌಹಾಣರ 'ದ ಜೋಯಾ ಫ್ಯಾಕ್ಟರ್' 2008ರಲ್ಲಿ. ದೆಹಲಿಯ ಹುಡುಗಿಯರು, ಬಾಯಿ ಜೋರು, ಓದಲು ಖುಷಿ. ಆದರೆ ಅವರಾರೂ ಮೀಟಿಂಗಿಗೆ ಮುಂಚೆ ಕನ್ನಡಿಯೆದುರು ಇಂಗ್ಲಿಷ್ ವಾಕ್ಯ ಉರುಹೊಡೆದವರಲ್ಲ. ಅಮ್ಮನ ಜೊತೆ ಒಂದು ಮಾತು, ಬಾಸಿನ ಜೊತೆ ಒಂದು ಮಾತು, ಓನರ್ ಆಂಟಿಯ ಜೊತೆ ಇನ್ನೊಂದು ಕನ್ನಡ ಎಂದು ದಿನಕ್ಕೆ ಮೂರು ನಾಲಿಗೆ ಬದಲಿಸಿದವರಲ್ಲ. ಆ ಕಾದಂಬರಿಗಳನ್ನು ತಂದು ಹೆಸರು ಬದಲಿಸಿ ಕನ್ನಡ ಮಾಡಿದರೆ ಆಗುವುದಿಲ್ಲ. ಅವುಗಳ ದೋಷವನ್ನೂ ತರಬೇಡಿ: ಬ್ರ್ಯಾಂಡುಗಳ ಪಟ್ಟಿ, ದಪ್ಪಗಿರುವುದೇ ದೊಡ್ಡ ಜೋಕು, ಕೊನೆಗೆ ಹಣವಂತ ಬಂದು ಸಾಲ ತೀರಿಸುವುದು. ನಮ್ಮ ಹಳೇ ಧಾರಾವಾಹಿಯ ಕಾರು ಅಲ್ಲೂ ಬಂದು ನಿಲ್ಲುತ್ತದೆ.

ಹಾಗಾದರೆ ಏನು ಬರೆಯಬೇಕು? ನಾನು ಓದುವವಳು, ಬರೆಯುವವಳಲ್ಲ. ಆದರೂ ಓದುವವಳಿಗೆ ಏನು ಬೇಕೆಂದು ಹೇಳುವ ಹಕ್ಕಿದೆ.

ಮೊದಲನೆಯದು, ಅವಳ ಆಸೆಯನ್ನು ಮುಚ್ಚಬೇಡಿ. ಅಪ್ರೈಸಲ್‌ನಲ್ಲಿ ಪಕ್ಕದ ಸೀಟಿನವಳಿಗೆ ಹೆಚ್ಚು ಸಿಕ್ಕಿತೆಂದು ತಿಳಿದ ದಿನ ಅವಳ ಹೊಟ್ಟೆಯೊಳಗೆ ಏನಾಗುತ್ತದೆ ಎಂಬುದನ್ನು ಬರೆಯಿರಿ. ಫ್ಲ್ಯಾಟಿನ ಇಎಂಐ ಕಟ್ಟಲು ಮದುವೆಯಾಗುವುದೋ, ಮದುವೆಗೆ ಮುಂಚೆ ಫ್ಲ್ಯಾಟು ಕೊಂಡು 'ನಮ್ಮನೆಗೆ ಬಾ' ಎನ್ನುವುದೋ ಎಂದು ರಾತ್ರಿಯೆಲ್ಲ ಲೆಕ್ಕ ಹಾಕಲಿ. ಮ್ಯಾಟ್ರಿಮನಿಯಲ್ಲಿ ಹುಡುಗನ ಫೋಟೋಕ್ಕಿಂತ ಮೊದಲು ಸಂಬಳದ ಸಾಲು ನೋಡಲಿ. ನೋಡಿದ್ದಕ್ಕೆ ತಾನೇ ನಾಚಲಿ, ಮರುದಿನ ಮತ್ತೆ ಅದನ್ನೇ ನೋಡಲಿ.

ಎರಡನೆಯದು, ಸಣ್ಣ ಸುಳ್ಳುಗಳು. ಪಿ.ಜಿ.ಯ ತಾರಸಿಯಲ್ಲಿ ನಿಂತು ಫೋನಿನಲ್ಲಿ 'ಊಟ ಆತು ಆಯಿ' ಎನ್ನುವಾಗ ಕೈಯಲ್ಲಿ ಎಗ್ ರೋಲ್ ಇರಲಿ. ಬ್ರಾಹ್ಮಣರ ಮನೆಯ ಕೂಸು, ಎಡಗೈಯಿಂದ ಫೋನಿನ ಬಾಯಿ ಮುಚ್ಚಿಕೊಂಡು ಅಗಿಯುತ್ತಾಳೆ. ಆಯಿಗೆ ಅದು ಗೊತ್ತಿರಲಿ, ಗೊತ್ತಿಲ್ಲದ ಹಾಗೆ ಆಯಿಯೂ ಇರಲಿ. ಯಾವೂರು ಎಂದು ಕೇಳಿದವರಿಗೆ ಇಡಗುಂಜಿ ಅನ್ನಲು ಸಂಕೋಚವಾಗಿ 'ಗೋಕರ್ಣದ ಹತ್ತಿರ' ಎಂದುಬಿಡಲಿ. ಬೀಚು ಎಂದರೆ ಆಫೀಸಿನಲ್ಲಿ ಬೆಲೆ ಜಾಸ್ತಿ. ಆಮೇಲೊಂದು ಲಾಂಗ್ ವೀಕೆಂಡಿಗೆ ಇಡೀ ಟೀಮು 'ನಿಮ್ಮೂರಿಗೇ ಬರ್ತೀವಿ' ಎಂದು ಹೊರಟು ನಿಂತರೆ? ಆ ಅಧ್ಯಾಯ ಓದಲು ನಾನು ಈಗಲೇ ತಯಾರು.

ಮೂರನೆಯದು, ತೋಟದ ಮಾಣಿಯನ್ನು ಪೆದ್ದ ಮಾಡಬೇಡಿ, ದೇವರೂ ಮಾಡಬೇಡಿ. ಈಗಿನ ಹೊಸ ಚಾಳಿ ಒಂದಿದೆ: ನಗರದಿಂದ ಬೇಸತ್ತವಳು ಕೊನೆಗೆ ಊರಿಗೆ ಮರಳಿ, ಸಾವಯವ ತರಕಾರಿ ಬೆಳೆದು, ಅವನ ಹೆಗಲಿಗೊರಗುವುದು. ಅದೂ ಶಿಕ್ಷೆಯೇ, ಸಕ್ಕರೆ ಸವರಿದ್ದು. ಅವನಿಗೂ ಅವನದೇ ಹಮ್ಮು ಇರಲಿ. ಕೊಳೆರೋಗಕ್ಕೆ ಮದ್ದು ಹೊಡೆಯಲು ಮರ ಹತ್ತುವ ಕೊನೆಗೌಡನನ್ನು ಹುಡುಕುವ ತಾಪತ್ರಯ, ಅಡಿಕೆ ದರದ ಏರಿಳಿತ, ತಾಳಮದ್ದಳೆಯ ಹುಚ್ಚು ಇರಲಿ. ಅವನನ್ನು ಅವಳು ಬೇಡವೆನ್ನಲಿ, ಆಮೇಲೆ ಅವನಿಗೆ ಬೇರೆ ಹುಡುಗಿ ಒಪ್ಪಿದಾಗ ಒಳಗೊಳಗೇ ಉರಿಯಲಿ. ಉರಿದಳೆಂದು ಅವಳಿಗೆ ಜ್ಞಾನೋದಯವಾಗಬೇಕಾಗಿಲ್ಲ.

ನಾಲ್ಕನೆಯದು, ಈ ನಾಯಕಿ ಹವ್ಯಕರ ಮನೆಯವಳೇ ಆಗಬೇಕೆಂದಿಲ್ಲ. ನನಗೆ ಹತ್ತಿರದಿಂದ ಗೊತ್ತಿರುವ ಮನೆಗಳ ಮಾತು ಹೇಳಿದೆ, ಅಷ್ಟೆ. ಭಟ್ಕಳದ ನವಾಯತ ಮನೆಗಳಲ್ಲಿ ಅಂತಸ್ತಿನ ಅಳತೆಗೋಲು ಬೆಂಗಳೂರಲ್ಲ, ದುಬೈ. ಅಲ್ಲಿಯ ಹುಡುಗಿ ಬರೆದರೆ ನಗು ಬೇರೆ, ಬಿಕ್ಕಟ್ಟೂ ಬೇರೆ. ಕಡಲಂಚಿನ ಖಾರ್ವಿ, ಮೊಗೇರ ಮನೆಗಳಿಂದ, ನಾಮಧಾರಿ, ಹಾಲಕ್ಕಿ ಮನೆಗಳಿಂದ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿ ನರ್ಸಾಗಿ, ಬ್ಯಾಂಕಿನವಳಾಗಿ, ಕಾಲ್ ಸೆಂಟರಿನವಳಾಗಿ ಹೋದವರಿದ್ದಾರೆ. ಅವರ ಬಗ್ಗೆ ಬರೆಯುವವರು ಯಾವಾಗಲೂ ಕರುಣೆಯ ಕತೆಯನ್ನೇ ಬರೆಯುತ್ತಾರೆ. ಅವರಿಗೂ ಲಿಪ್‌ಸ್ಟಿಕ್ಕಿನ ಆಸೆ, ಸಹೋದ್ಯೋಗಿಯ ಮೇಲೆ ಕಣ್ಣು, ಅಕ್ಕನ ಮದುವೆಯ ಬಂಗಾರದ ಮೇಲೆ ಅಸೂಯೆ ಇರಬಾರದೇ? ಎಡವಟ್ಟು ಮಾಡಿಕೊಂಡೂ ಓದುಗರ ಪ್ರೀತಿ ಗಳಿಸುವ ಅವಕಾಶ ಎಲ್ಲ ಮನೆಯ ಹೆಣ್ಣುಮಕ್ಕಳಿಗೂ ಸಿಗಲಿ.

ಕೊನೆಯದು ಶಿಕ್ಷೆಯ ವಿಷಯ. ಮಾಡಿದ್ದಕ್ಕೆ ಬೆಲೆ ತೆರಬೇಡವೇ? ತೆರಲಿ. ಸುಳ್ಳು ಹೇಳಿದರೆ ಗೆಳತಿ ಮಾತು ಬಿಡಲಿ. ಖರ್ಚು ಮಾಡಿದರೆ ಸಾಲ ಬೆಳೆಯಲಿ. ಮದುವೆಯಾದವನೆಂದು ಗೊತ್ತಿದ್ದೂ ಹಿಂದೆ ಹೋದರೆ ಅವನ ಹೆಂಡತಿಯ ಎದುರು ಒಮ್ಮೆ ತಲೆತಗ್ಗಿಸಿ ನಿಲ್ಲಲಿ. ಇವು ಬದುಕಿನ ಲೆಕ್ಕಗಳು. ಆದರೆ ಲೇಖಕಿ ಎದ್ದು ಬಂದು ಲಾರಿ ಹಾಯಿಸುವುದು, ಬಂಜೆ ಮಾಡುವುದು, ಹುಚ್ಚು ಹಿಡಿಸುವುದು, ಅಮ್ಮನನ್ನು ಸಾಯಿಸಿ ಅವಳ ಕಣ್ಣು ತೆರೆಸುವುದು ಬೇಡ. 'ಶಿಕಾರಿ'ಯ ನಾಗಪ್ಪನಿಗೆ ಸಿಕ್ಕಿದ ರಿಯಾಯಿತಿ ಅವಳಿಗೂ ಸಿಗಲಿ: ತಪ್ಪುಗಳನ್ನೆಲ್ಲ ಇಟ್ಟುಕೊಂಡೇ ಅವಳು ಕತೆಯ ಒಡತಿಯಾಗಿರಲಿ.

ಆಕ್ಷೇಪಗಳು ಬರುತ್ತವೆ, ನನಗೆ ಗೊತ್ತು. ನಮ್ಮೂರಿನ ಹಿರಿಯರು ಇಂಥ ಪುಸ್ತಕದಿಂದ ಕೂಸುಗಳು ಹಾಳಾಗುತ್ತವೆ ಎನ್ನುತ್ತಾರೆ. ಕಾದಂಬರಿ ಓದಿದರೆ ಹಾಲು ಉಕ್ಕುತ್ತದೆ, ಸಂಸಾರ ಕೆಡುತ್ತದೆ ಎಂಬ ಮಾತು ನಮ್ಮ ತಾಯಂದಿರೂ ಕೇಳಿದ್ದರು. ಹಾಲು ಉಕ್ಕಿದ್ದು ನಿಜ. ಸಂಸಾರ ಕಾದಂಬರಿಯಿಂದ ಕೆಟ್ಟದ್ದನ್ನು ನಾನು ಕಂಡಿಲ್ಲ. ಸಾಹಿತ್ಯದವರು ಇದರಲ್ಲಿ ಗಹನತೆ ಇಲ್ಲ ಎನ್ನಬಹುದು. ಹೆಣ್ಣೊಬ್ಬಳು ತನ್ನ ಸಂಬಳದ ಲೆಕ್ಕವನ್ನೂ ತನ್ನ ಮನಸ್ಸಿನ ಲೆಕ್ಕವನ್ನೂ ಒಂದೇ ಪುಟದಲ್ಲಿ ಬರೆಯುವುದು ಹಗುರ ಕೆಲಸವೆಂದು ಯಾರು ಹೇಳಿದರು? ಅಳಿಸುವುದಕ್ಕಿಂತ ನಗಿಸುವುದು ಕಷ್ಟವೆಂದು ಯಾವ ಹಾಸ್ಯಗಾರನನ್ನು ಕೇಳಿದರೂ ಹೇಳುತ್ತಾನೆ. ಇನ್ನು ನಿಮ್ಮದೇ ಗೆಳತಿಯರು, ಹೆಣ್ಣಿನ ಕತೆಯೆಂದರೆ ಮತ್ತೆ ಗಂಡು ಹುಡುಕುವುದೇ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅವನು ಸಿಗಲೂಬಹುದು, ಸಿಗದಿರಲೂಬಹುದು. ಆದರೆ ಹುಡುಕುವವಳು ಅವಳಾಗಿರಲಿ, ಅವಳನ್ನು ಹುಡುಕಲು ಹೊರಟವರ ಕತೆಯನ್ನು ಬೇಕಾದಷ್ಟು ಕೇಳಿದ್ದೇವೆ.

ಮನೆಯವರು ಓದಿದರೆ ಏನೆಂದಾರು ಎಂಬ ಅಳುಕು ನಿಮಗಿದ್ದೀತು. ಅದಕ್ಕೂ ಹಳೇ ಉಪಾಯವಿದೆ: ಅನಸೂಯಾ ಶಂಕರ್ ಬರೆದದ್ದು ತ್ರಿವೇಣಿ ಎಂಬ ಹೆಸರಿನಲ್ಲಿ, ಬಿ.ಎನ್. ಸುಬ್ಬಮ್ಮ ಬರೆದದ್ದು ವಾಣಿ ಎಂಬ ಹೆಸರಿನಲ್ಲಿ. ನಿಮಗೂ ಒಂದು ಹೆಸರು ಹುಡುಕಿಕೊಳ್ಳಿ. ಒಂದೇ ಸಲಕ್ಕೆ ಪುಸ್ತಕ ಮಾಡಬೇಡಿ, ವಾರಪತ್ರಿಕೆಗೆ ಕಂತುಕಂತಾಗಿ ಕೊಡಿ. ಮೊದಲ ಕಂತು ಬಂದ ವಾರ ಇಲ್ಲಿ ನಿಮ್ಮನ್ನು ಚೆನ್ನಾಗಿ ಬೈಯುತ್ತಾರೆ. ಇದು ಇಂಥವರ ಮಗಳದೇ ಕತೆ ಎಂದು ಪತ್ತೆ ಹಚ್ಚುತ್ತಾರೆ, ಅಲ್ಲ ಎಂದು ಇನ್ನೊಬ್ಬರು ವಾದಿಸುತ್ತಾರೆ. ಎರಡನೇ ವಾರ ಬೈದವರೇ ಪತ್ರಿಕೆ ಬಂತಾ ಎಂದು ಅಂಗಡಿಯಲ್ಲಿ ವಿಚಾರಿಸುತ್ತಾರೆ. ಅಷ್ಟು ನಂಬಿಕೆ ನಮ್ಮ ಜನರ ಮೇಲೆ ನನಗಿದೆ. ಬರೆಯಲು ಶುರು ಮಾಡಿ.

ಇತಿ,
ಇಡಗುಂಜಿಯಿಂದ, ನಿಮ್ಮ ಹಳೆಯ ಓದುಗಾರ್ತಿ